ಎಲ್ಲವೂ ಇಲಿಯಲ್ಲ: ಧಾರವಾಡದ ಹೊಲದಿಂದ ಮುಂಬಯಿಯ ಗಟಾರದವರೆಗೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿಗೆ ಬಂದ ನಾವು ಕನ್ನಡಿಗರು ಇಲ್ಲಿ ಹಲವು ಬಗೆಯ ನೆರೆಹೊರೆಯವರೊಡನೆ ಬಾಳುವುದನ್ನು ಕಲಿತಿದ್ದೇವೆ. ಆದರೆ ನಮಗಿಂತ ಎಷ್ಟೋ ಮೊದಲೇ ಇಲ್ಲಿಗೆ ಬಂದು, ಬಾಡಿಗೆಯನ್ನಾಗಲಿ ಪಗಡಿಯನ್ನಾಗಲಿ ಕೊಡದೆ, ಚಾಳಿನ ಅಟ್ಟದಲ್ಲೂ ಹೋಟೆಲಿನ ಕೋಠಿಯಲ್ಲೂ ರಸ್ತೆಯ ಗಟಾರದಲ್ಲೂ ಸುಖವಾಗಿ ಸಂಸಾರ ಹೂಡಿದ ನೆರೆಯವರೊಬ್ಬರಿದ್ದಾರೆ. ಅವರ ವಿಷಯವಾಗಿ ನಾವು ಮಾತನಾಡುವುದು ಬೋನು ತರುವಾಗ ಅಥವಾ ಪಾಷಾಣ ಇಡುವಾಗ ಮಾತ್ರ. ಇಲಿಗಳ ಮಾತು ಹೇಳುತ್ತಿದ್ದೇವೆ.

ಇಲಿಗೂ ಇತಿಹಾಸವುಂಟೆ ಎಂದು ಕೆಲವರು ನಗಬಹುದು. ಉಂಟು, ಅದೂ ಕನ್ನಡನಾಡಿಗೂ ಮುಂಬಯಿಗೂ ಗಂಟು ಹಾಕಿದ ಇತಿಹಾಸ. ನಮ್ಮ ಮಕ್ಕಳಿಗೆ ಮನೆಯಲ್ಲಿ ಓಡಾಡುವ ಚಿಕ್ಕ ಪ್ರಾಣಿಯೆಲ್ಲವೂ ಒಂದೇ. ಹೆಚ್ಚೆಂದರೆ ದೊಡ್ಡದು, ಚಿಕ್ಕದು ಎಂದಾರು. ಆದರೆ ಅವರ ಅಜ್ಜ ಅಜ್ಜಿಯರ ಕನ್ನಡದಲ್ಲಿ ಇಲಿ ಬೇರೆ, ಹೆಗ್ಗಣ ಬೇರೆ, ಸುಂಡಿಲಿ ಬೇರೆ, ಕಲ್ಲಿಲಿ ಬೇರೆ, ಮರದ ಇಲಿ ಬೇರೆ. ‘ಬೆಟ್ಟ ಅಗೆದು ಇಲಿ ಹಿಡಿದಂತೆ’ ಎನ್ನುವ ಜನವೇ ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂದೂ ಹೇಳುತ್ತಾರೆ. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಗಾದೆ ಕೆಡುತ್ತದೆ. ಈ ಭೇದಜ್ಞಾನ ಬರಿಯ ಮಾತಿನ ಸೊಗಸಲ್ಲ. ಅದರಿಂದ ವಿಜ್ಞಾನಕ್ಕೆ ಹೊಸ ಹೆಸರುಗಳು ದೊರಕಿದವು. ಅಂಥ ಭೇದವನ್ನು ಅರಿತ ಮೇಲೆಯೇ ಮುಂಬಯಿಗೆ ತನ್ನ ಮಹಾಮಾರಿಯ ದಾರಿ ಕಾಣಿಸಿತು. ಆ ಕಥೆಯನ್ನು ಸಂಗ್ರಹವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಕಿತ್ತೂರಿನ ಸೆರೆಯಾಳು

ಕಥೆ ಆರಂಭವಾಗುವುದು ಧಾರವಾಡದಲ್ಲಿ. 1818ರಲ್ಲಿ ಪೇಶ್ವೆಯವರ ಆಳ್ವಿಕೆ ಕೊನೆಗಂಡ ಮೇಲೆ ಧಾರವಾಡದ ಸೀಮೆ ಇಂಗ್ಲಿಷರ ಕೈಸೇರಿತು. ಅಲ್ಲಿನ ಕಲೆಕ್ಟರ್ ಥ್ಯಾಕರೆಯ ಕೈಕೆಳಗೆ ಕೆಲಸಕ್ಕೆ ಬಂದ ತರುಣ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ರಾಣಿ ಚೆನ್ನಮ್ಮನ ಸೈನಿಕರ ಕೈಯಲ್ಲಿ ಥ್ಯಾಕರೆ ಹತನಾದ ಸಂಗತಿ ನಮ್ಮ ಮಕ್ಕಳೂ ಬಲ್ಲರು. ಅಂದು ಸೆರೆಸಿಕ್ಕಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಸ್ಟೀವನ್ಸನ್ ಒಬ್ಬ, ಇನ್ನೊಬ್ಬ ಇದೇ ಎಲಿಯಟ್. ಕೆಲವು ವಾರ ಕಿತ್ತೂರಿನವರ ವಶದಲ್ಲಿದ್ದು ಜೀವಸಹಿತ ಹೊರಬಂದ ಈತನಿಗೆ ಆಗ ಇಪ್ಪತ್ತೊಂದರ ವಯಸ್ಸು.

ಬಿಡುಗಡೆಯಾದ ಮೇಲೆ ಎಲಿಯಟ್ ಹಲವು ವರ್ಷ ಧಾರವಾಡದ ಸೀಮೆಯಲ್ಲೇ ಉಳಿದ. ಕನ್ನಡ ಕಲಿತ, ಹಳಗನ್ನಡ ಲಿಪಿಯನ್ನು ಓದುವುದನ್ನು ಅಭ್ಯಾಸ ಮಾಡಿದ, ಊರೂರಿನ ದೇವಸ್ಥಾನಗಳ ಶಾಸನಗಳನ್ನು ಪ್ರತಿಮಾಡಿಸಿ ನೂರಾರು ಶಾಸನಗಳ ಸಂಗ್ರಹವನ್ನು ಕಟ್ಟಿದ. ಮುಂದೆ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದ ಫ್ಲೀಟ್ ಸಾಹೇಬನಿಗೆ ಈ ಸಂಗ್ರಹ ಒದಗಿ ಬಂತು. ಶಾಸನದ ಕಲ್ಲು ಹುಡುಕುತ್ತ ಹೊಲಗದ್ದೆ ತಿರುಗಿದ ಈ ಮನುಷ್ಯನ ಕಣ್ಣು ಹೊಲದ ಬಿಲಗಳ ಮೇಲೂ ಬಿತ್ತು. ಆ ಸೀಮೆಯ ಸ್ತನಿಗಳನ್ನೆಲ್ಲ ಪಟ್ಟಿಮಾಡಿ 1839ರಲ್ಲಿ ಮದರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದ. ಪ್ರತಿಯೊಂದು ಪ್ರಾಣಿಗೂ ಆ ನಾಡಿನ ಜನ ತಮ್ಮ ಭಾಷೆಗಳಲ್ಲಿ ಏನೆನ್ನುತ್ತಾರೆ ಎಂಬುದನ್ನು ಜೊತೆಗೇ ದಾಖಲಿಸಿದ್ದು ಆ ಪಟ್ಟಿಯ ದೊಡ್ಡ ಗುಣ.

ಹೆಸರು ಹೇಳಿಕೊಟ್ಟವರು ಯಾರು? ಧಾರವಾಡದ ರೈತರು, ಅವರಿಗಿಂತ ಹೆಚ್ಚಾಗಿ ವಡ್ಡರು, ಎಂದರೆ ಇಂದು ಭೋವಿ ಎಂದು ಗುರುತಿಸಿಕೊಳ್ಳುವ ಸಮುದಾಯದ ಹಿರಿಯರು. ಕೆರೆ ತೋಡುವುದು, ಮಣ್ಣು ಹೊರುವುದು, ಕಲ್ಲು ಒಡೆಯುವುದು ಅವರ ಕಸುಬು. ನೆಲದೊಳಗಿನ ಪ್ರಾಣಿಗಳ ನಡೆ, ಬಿಲದ ತಿರುವು, ಯಾವ ಮಣ್ಣಿನಲ್ಲಿ ಯಾವ ಇಲಿ ಎಂಬುದು ಅವರಿಗೆ ಅಂಗೈ ಮೇಲಿನ ನೆಲ್ಲಿಕಾಯಿ. ಪುಸ್ತಕದಲ್ಲಿ ಅಚ್ಚಾದದ್ದು ಎಲಿಯಟನ ಹೆಸರಾದರೂ, ಪುಸ್ತಕದೊಳಗಿನ ತಿಳಿವಿನಲ್ಲಿ ಹೆಚ್ಚಿನ ಪಾಲು ಹೆಸರಿಲ್ಲದ ಈ ಜನರದು ಎಂಬುದನ್ನು ನಾವು ಮರೆಯಬಾರದು.

ಕನ್ನಡ ಹೆಸರುಗಳ ವಿದೇಶಯಾತ್ರೆ

ಎಲಿಯಟ್ ಕಳುಹಿಸಿದ ಪ್ರಾಣಿಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರೇ ಎಂಬ ವಿದ್ವಾಂಸ ಪರೀಕ್ಷಿಸಿ 1837ರಲ್ಲಿ ಶಾಸ್ತ್ರೀಯ ಹೆಸರುಗಳನ್ನಿಟ್ಟ. ಅವುಗಳಲ್ಲಿ ಒಂದು ‘ಗೋಲುಂಡ ಎಲಿಯೋಟಿ’. ಎರಡನೆಯ ಮಾತು ಎಲಿಯಟನ ನೆನಪಿಗೆ. ಮೊದಲನೆಯ ಮಾತು ‘ಗುಲಂದಿ’ ಎಂಬ ಕನ್ನಡ ಹೆಸರೇ, ಸಾಹೇಬರ ಬಾಯಲ್ಲಿ ಉರುಳಿ ಗೋಲುಂಡವಾದದ್ದು! ಪೊದೆಗಳ ನಡುವೆ ಹುಲ್ಲಿನ ಗೂಡು ಕಟ್ಟಿಕೊಂಡಿರುವ ಇಲಿ ಇದು. ಮೋಟು ಮುಖ, ಹಳದಿ ಬೆರೆತ ಕಂದುಬಣ್ಣದ ಒರಟು ಕೂದಲು, ಮೈಗಿಂತ ಗಿಡ್ಡ ಬಾಲ. ಮೇಲಿನ ಬಾಚಿಹಲ್ಲುಗಳ ಮೇಲೆ ಉದ್ದಕ್ಕೆ ಗೀಚಿದಂತೆ ಒಂದೊಂದು ಗೆರೆ. ಈ ಗೆರೆಯೇ ಇದರ ಗುರುತು. ಹಿಂದೆ ಸಿಂಹಳದ ಕಾಫಿ ತೋಟಗಳನ್ನು ಹಾಳುಗೆಡವಿ ‘ಕಾಫಿ ಇಲಿ’ ಎಂಬ ಅಪಕೀರ್ತಿಯನ್ನೂ ಗಳಿಸಿತ್ತು. ಗೋಲುಂಡ ಎಂಬ ಕುಲದಲ್ಲಿ ಇಂದು ಬದುಕಿರುವುದು ಇದೊಂದೇ ಜಾತಿ. ಹೀಗೆ ಜಗತ್ತಿನ ಪ್ರಾಣಿಶಾಸ್ತ್ರದ ಪುಸ್ತಕಗಳಲ್ಲೆಲ್ಲ ಧಾರವಾಡದ ಒಂದು ಹೊಲದ ಮಾತು ಭದ್ರವಾಗಿ ಕುಳಿತಿದೆ.

ಇನ್ನೊಂದು ಎರೆಭೂಮಿಯ ಇಲಿ. ಮೃದುವಾದ ಕೂದಲು, ದೊಡ್ಡ ಕಿವಿ. ಬೇಸಿಗೆಯಲ್ಲಿ ಎರೆನೆಲ ಬಾಯಿಬಿಟ್ಟಾಗ ಆ ಬಿರುಕುಗಳಲ್ಲೇ ವಾಸ. ವಡ್ಡರು ಇದನ್ನು ‘ಮೆಟ್ಟಾಡೆ’ ಎನ್ನುತ್ತಿದ್ದರು. ಗ್ರೇ ಸಾಹೇಬನ ಬರಹದಲ್ಲಿ ಅದು ‘ಮೆಲ್ಟಾಡ’ ಆಯಿತು. ಈ ಇಲಿಯ ಬಗ್ಗೆ ಎಲಿಯಟ್ ಬರೆದಿಟ್ಟ ಸಂಗತಿ ಇಂದಿಗೂ ಓದತಕ್ಕದ್ದು. ಮಳೆ ಚೆನ್ನಾಗಿ ಹಿಡಿದ ವರ್ಷ ಬಿರುಕುಗಳಲ್ಲಿ ನೀರು ತುಂಬಿ ಇವು ಲೆಕ್ಕವಿಲ್ಲದಷ್ಟು ಸಾಯುತ್ತವೆ. 1826ರಲ್ಲಿ ಮಳೆ ಕಡಿಮೆಯಾಯಿತು. ಇಲಿಗಳು ಉಳಿದುಕೊಂಡವು, ಹೆಚ್ಚಿದವು. ಬಿತ್ತಿದ ಕಾಳನ್ನು ಬಿತ್ತಿದಂತೆಯೇ ತಿಂದು ಹಾಕಿದವು. ರೈತರು ವಡ್ಡರನ್ನು ಕರೆಸಿ, ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಧಾನ್ಯ ಎಂದು ಗೊತ್ತುಮಾಡಿ ಸಾವಿರಗಟ್ಟಲೆ ಕೊಲ್ಲಿಸಿದರು. ಆದರೂ ಇಲಿಗಳ ಸಂಖ್ಯೆ ಇಳಿದಂತೆ ಕಾಣಲಿಲ್ಲ. ಈ ಮಾತನ್ನು ಓದುಗರು ನೆನಪಿಡಬೇಕು. ಮುಂದೆ ಮುಂಬಯಿಯಲ್ಲಿ ಇದೇ ಲೆಕ್ಕ ಮತ್ತೆ ಬರುತ್ತದೆ.

ಕಲ್ಲಿಲಿಯ ಕಥೆ ಇನ್ನೂ ಸ್ವಾರಸ್ಯದ್ದು. ಕೆಂಪು ಗರಸು ನೆಲದಲ್ಲಿರುವ ಈ ಪುಟ್ಟ ಪ್ರಾಣಿ ಬಿಲದ ಬಾಯಿಗೆ ಸಣ್ಣ ಹರಳುಗಳನ್ನು ಒಟ್ಟಿಕೊಳ್ಳುತ್ತದೆ. ಒಳಗೆ ಹಾಸಿಗೆಯೂ ಹರಳಿನದೇ. ಮರದ ಇಲಿಯೋ ಉದ್ದ ಬಾಲದ ಸಹಾಯದಿಂದ ತೆಳ್ಳನೆಯ ರೆಂಬೆಗಳ ಮೇಲೆ ಓಡಾಡುವ ಹಗುರ ಜೀವ. ‘ಕೊಕ್’ ಎಂದು ಎಲಿಯಟ್ ಬರೆದುಕೊಂಡ ಹೊಲದ ಇಲಿ ತನ್ನ ಬಿಲದಲ್ಲಿ ಕಣಜವನ್ನೇ ಕಟ್ಟುತ್ತದೆ. ಸುಗ್ಗಿಯ ಕಾಲದಲ್ಲಿ ವಡ್ಡರು ಅದರ ಬಿಲವನ್ನು ಅಗೆದು ಕೂಡಿಟ್ಟ ಕಾಳನ್ನು ಒಯ್ಯುತ್ತಿದ್ದರು. ಈ ಕೊಕ್ ಮುಂದೆ ಮುಂಬಯಿಯ ಕಥೆಯಲ್ಲೂ ಬರುತ್ತದೆ.

ಎಲಿಯಟ್ ಧಾರವಾಡ ಬಿಟ್ಟು ಮದರಾಸಿನಲ್ಲಿ ದೊಡ್ಡ ಹುದ್ದೆಗಳನ್ನೇರಿದ. ಚಾರ್ಲ್ಸ್ ಡಾರ್ವಿನ್ನನ ಕೋರಿಕೆಯಂತೆ ಈ ದೇಶದ ಸಾಕುಹಕ್ಕಿಗಳ ಚರ್ಮಗಳನ್ನು ಕಳುಹಿಸಿದ. 1887ರಲ್ಲಿ ತನ್ನ ಸ್ವದೇಶವಾದ ಸ್ಕಾಟ್ಲೆಂಡಿನಲ್ಲಿ ತೀರಿಕೊಂಡ.

ಮುಂಬಯಿಯ ಪಾಲು

ಎಲಿಯಟ್ ಧಾರವಾಡದಲ್ಲಿದ್ದಾಗಲೇ, 1830ರಲ್ಲಿ, ಆ ಜಿಲ್ಲೆ ಮದರಾಸಿನಿಂದ ಮುಂಬಯಿ ಇಲಾಖೆಗೆ ಸೇರಿತು; 1862ರಲ್ಲಿ ಉತ್ತರ ಕನ್ನಡವೂ ಸೇರಿತು. ಅಂದಿನಿಂದ 1956ರವರೆಗೆ ನಮ್ಮ ಆ ಜಿಲ್ಲೆಗಳಿಗೆ ಮುಂಬಯಿಯೇ ರಾಜಧಾನಿ. ಆದ್ದರಿಂದ ಮುಂಬಯಿಯಲ್ಲಿ ಹುಟ್ಟಿದ ಸಂಸ್ಥೆಗಳ ದೃಷ್ಟಿ ಕನ್ನಡ ಜಿಲ್ಲೆಗಳ ಕಾಡುಮೇಡುಗಳ ಮೇಲೂ ಬಿದ್ದದ್ದು ಸಹಜವೇ.

1883ರ ಸೆಪ್ಟೆಂಬರ್ 15ರಂದು ಎಂಟು ಮಂದಿ ಸೇರಿ ಮುಂಬಯಿ ನಿಸರ್ಗ ಇತಿಹಾಸ ಸಂಘವನ್ನು ಸ್ಥಾಪಿಸಿದರು. ಅವರಲ್ಲಿ ಡಾ. ಆತ್ಮಾರಾಮ ಪಾಂಡುರಂಗ, ಡಾ. ಸಖಾರಾಮ ಅರ್ಜುನ ಎಂಬ ಇಬ್ಬರು ಭಾರತೀಯರು. ಸುಂಕದ ಇಲಾಖೆಯ ಐಟ್ಕೆನ್ ಇನ್ನೊಬ್ಬ ಸ್ಥಾಪಕ. ನೌಕರಿಯ ಮೇಲೆ ಉತ್ತರ ಕನ್ನಡದ ಕಾಡುಗಳಲ್ಲೂ ಓಡಾಡಿದವ, ಮನೆಯ ಇಲಿಗಳ ಮೇಲೂ ನಗೆಬರಹ ಬರೆದವ. ಇಂದು ಕೋಟೆ ವಿಭಾಗದಲ್ಲಿ ಲಯನ್ ಗೇಟಿನ ಬಳಿ ‘ಹಾರ್ನ್‌ಬಿಲ್ ಹೌಸ್’ ಎಂಬ ಕಟ್ಟಡದಲ್ಲಿರುವುದು ಈ ಸಂಘವೇ. ಅದರ ಮುಂದೆಯೇ ದಿನವೂ ಕಚೇರಿಗೆ ಹೋಗುವ ನಮ್ಮವರು ಅನೇಕರಿದ್ದಾರೆ. ಒಮ್ಮೆ ತಲೆಯೆತ್ತಿ ನೋಡಬಹುದು.

ಈ ಸಂಘದ ಗೌರವ ಕಾರ್ಯದರ್ಶಿಯಾಗಿದ್ದ ವಾಲ್ಟರ್ ಮಿಲ್ಲಾರ್ಡ್ ಮದ್ಯದ ವ್ಯಾಪಾರದ ಮನುಷ್ಯ. 1908ರಲ್ಲಿ, ತಾನು ಹೊಡೆದ ಗುಬ್ಬಿಯ ಕೊರಳು ಹಳದಿಯೇಕೆ ಎಂದು ಕೇಳಲು ಬಂದ ಸಲೀಂ ಅಲಿ ಎಂಬ ಹುಡುಗನಿಗೆ ಹಕ್ಕಿಗಳ ಲೋಕವನ್ನು ತೆರೆದು ತೋರಿಸಿದವನೂ ಈತನೇ. 1911ರಲ್ಲಿ ಮಿಲ್ಲಾರ್ಡ್ ಹಣ ಕೂಡಿಸಿ ಭಾರತದ ಸ್ತನಿಗಳ ಸಮೀಕ್ಷೆಗೆ ಕೈಹಾಕಿದ. ಖಾನದೇಶದಲ್ಲಿ ಆರಂಭವಾದ ಕೆಲಸ ಧಾರವಾಡ, ಕೆನರಾ, ಕೊಡಗುಗಳಿಗೂ ಬಂದು, 1923ರವರೆಗೆ ನಡೆಯಿತು. ಸುಮಾರು 25,000 ಪ್ರಾಣಿಗಳ ಚರ್ಮ, ತಲೆಬುರುಡೆಗಳು ಸಂಗ್ರಹವಾದವು. ಎಲಿಯಟ್ ಹೆಸರಿಸಿದ್ದ ಪ್ರಾಣಿಗಳನ್ನು ಅವನು ಕಂಡ ನೆಲದಲ್ಲೇ ಮತ್ತೆ ಹಿಡಿದು ತಾಳೆನೋಡಲು ಆಗ ಸಾಧ್ಯವಾಯಿತು.

ಆಗಲೇ ನಮ್ಮ ಮೆಟ್ಟಾಡೆಗೆ ಮರುನಾಮಕರಣವಾದದ್ದು. ಅದು ಹಿಂದೆ ತಿಳಿದಿದ್ದ ಕುಲಗಳಿಗೆ ಸೇರುವುದಿಲ್ಲವೆಂದು ಕಂಡು, ಓಲ್ಡ್‌ಫೀಲ್ಡ್ ಥಾಮಸ್ ಎಂಬ ವಿದ್ವಾಂಸ 1911ರಲ್ಲಿ ಮಿಲ್ಲಾರ್ಡನ ಹೆಸರಿನಲ್ಲಿ ಹೊಸ ಕುಲವನ್ನು ಮಾಡಿದ. ಅಂದಿನಿಂದ ಆ ಇಲಿ ‘ಮಿಲ್ಲಾರ್ಡಿಯ ಮೆಲ್ಟಾಡ’. ಮೊದಲ ಮಾತು ಮುಂಬಯಿಯ ಒಬ್ಬ ವ್ಯಾಪಾರಿಯದು, ಎರಡನೆಯದು ಧಾರವಾಡದ ವಡ್ಡರದು. ಊರು ಬಿಟ್ಟು ಬಂದು ಮುಂಬಯಿಯ ಹೆಸರನ್ನು ಮುಂದೆಯೂ ಊರಿನ ಹೆಸರನ್ನು ಹಿಂದೆಯೂ ಇಟ್ಟುಕೊಂಡು ಬಾಳುತ್ತಿರುವ ನಮಗೆ ಈ ಇಲಿಯ ಮೇಲೆ ಸ್ವಲ್ಪ ಅಭಿಮಾನ ಹುಟ್ಟಿದರೆ ತಪ್ಪೇನೂ ಇಲ್ಲ.

ಮಾಂಡವಿಯಲ್ಲಿ ಇಲಿ ಬಿದ್ದಾಗ

ಇಷ್ಟೆಲ್ಲ ಭೇದ ಅರಿತು ಆಗಬೇಕಾದದ್ದೇನು ಎಂಬ ಪ್ರಶ್ನೆಗೆ ಮುಂಬಯಿಯ ಪ್ಲೇಗು ಕಠೋರವಾದ ಉತ್ತರ ಕೊಟ್ಟಿದೆ.

1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಬಳಿ, ಬಂದರದ ಧಾನ್ಯದ ಗೋದಾಮುಗಳ ಓಣಿಗಳಲ್ಲಿ, ಜ್ವರ ಬಂದು ಗಡ್ಡೆ ಎದ್ದು ಜನ ಸಾಯತೊಡಗಿದರು. ಇದು ಪ್ಲೇಗು ಎಂದು ಮೊದಲು ಗುರುತಿಸಿದವರು ಡಾ. ಅಕಾಸಿಯೊ ವಿಯೇಗಾಸ್ ಎಂಬ ಗೋವೆಯ ವೈದ್ಯರು. ಮುಂದಿನ ಕೆಲವೇ ತಿಂಗಳಲ್ಲಿ ಲಕ್ಷಗಟ್ಟಲೆ ಜನ ಊರು ತೊರೆದರು. ಹಾಫ್‌ಕಿನ್ ಎಂಬ ವಿಜ್ಞಾನಿ ಇಲ್ಲಿಯೇ ಲಸಿಕೆಯನ್ನು ತಯಾರಿಸಿ 1897ರ ಜನವರಿ 10ರಂದು ಮೊದಲು ತನಗೇ ಚುಚ್ಚಿಕೊಂಡ. ರೋಗ ಮಾತ್ರ ರೈಲು ಹಿಡಿದು ಮುಂದೆ ನಡೆಯಿತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಅಲ್ಲಿ ಸಾವಿರಾರು ಜನರಿಗೆ ಲಸಿಕೆ ಹಾಕಲಾಯಿತು. ಅದೇ ವರ್ಷ ಆಗಸ್ಟಿನಲ್ಲಿ ಬೆಂಗಳೂರನ್ನೂ ಮುಟ್ಟಿತು. ‘ಇಲಿ ಬಿತ್ತು’ ಎಂಬ ಎರಡು ಮಾತು ಕೇಳಿದರೆ ಸಾಕು, ನಮ್ಮ ಹಳ್ಳಿಗರು ಮನೆಗೆ ಬೀಗ ಜಡಿದು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಪ್ಲೇಗಮ್ಮನ ಗುಡಿಗಳು ಕನ್ನಡನಾಡಿನಲ್ಲಿ ಇಂದಿಗೂ ಆ ದಿನಗಳಿಗೆ ಸಾಕ್ಷಿಯಾಗಿ ನಿಂತಿವೆ.

ಇಲಿ ಸತ್ತ ಮೇಲೆ ಮನುಷ್ಯ ಸಾಯುತ್ತಾನೆ ಎಂದು ಹಳ್ಳಿಗನಿಗೆ ಗೊತ್ತಿತ್ತು. ಆದರೆ ಇಲಿಯಿಂದ ಮನುಷ್ಯನಿಗೆ ರೋಗ ದಾಟುವುದು ಹೇಗೆ? 1898ರಲ್ಲಿ ಕರಾಚಿಯಲ್ಲಿ ಸಿಮೊಂಡ್ ಎಂಬ ಫ್ರೆಂಚ್ ವೈದ್ಯ, ಇದು ಇಲಿಯ ಮೈಮೇಲಿನ ಚಿಗಟದ ಕೆಲಸವೆಂದು ತೋರಿಸಿದ. ಅನೇಕರು ನಂಬಲಿಲ್ಲ. 1905ರಿಂದ ಪರೇಲಿನ ಪ್ರಯೋಗಶಾಲೆಯಲ್ಲಿ, ಎಂದರೆ 1925ರಿಂದ ಹಾಫ್‌ಕಿನ್ ಸಂಸ್ಥೆ ಎಂದು ಹೆಸರಾದ ಸ್ಥಳದಲ್ಲಿ, ಒಂದು ಸಂಶೋಧನ ಮಂಡಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಪ್ಲೇಗು ಸೋಂಕಿದ ಜಾಗದಲ್ಲಿ ಗಿನಿ ಹಂದಿಗಳ ಪಂಜರಗಳನ್ನಿಟ್ಟು ನೋಡಿದರು. ನೆಲಕ್ಕೆ ಹತ್ತಿರವಿಟ್ಟ ಪಂಜರದ ಪ್ರಾಣಿಗಳು ಸತ್ತವು. ಚಿಗಟ ನೆಗೆಯಲಾರದಷ್ಟು ಎತ್ತರಕ್ಕೆ ತೂಗುಹಾಕಿದ ಪಂಜರದವು ಉಳಿದವು. ಗಾಳಿ ಎರಡಕ್ಕೂ ಒಂದೇ, ಚಿಗಟದ ನೆಗೆತ ಮಾತ್ರ ಬೇರೆ. ಸಂಶಯ ತೀರಿತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಮಂಡಲಿಯ ಇನ್ನೊಂದು ಕೆಲಸ. ಅವರು ಮುಂಬಯಿಯ ಇಲಿಗಳನ್ನು ಜಾತಿಜಾತಿಯಾಗಿ ವಿಂಗಡಿಸಿ ಎಣಿಸಿದರು. ಆಗ ಕಂಡ ಕ್ರಮ ಹೀಗಿತ್ತು: ಮೊದಲು ಗಟಾರದ ಕಂದು ಇಲಿಗಳಲ್ಲಿ ಸಾವು, ಸುಮಾರು ಹತ್ತು ದಿನಗಳಲ್ಲಿ ಮನೆಯ ಕಪ್ಪು ಇಲಿಗಳಲ್ಲಿ ಸಾವು, ಅದಾದ ಹತ್ತು ಹದಿನಾಲ್ಕು ದಿನಗಳಲ್ಲಿ ಮನುಷ್ಯರಲ್ಲಿ. ಇಲಿಗಳನ್ನೆಲ್ಲ ಒಂದೇ ಎಂದು ಎಣಿಸಿದ್ದರೆ ಈ ಮೆಟ್ಟಿಲುಗಳು ಕಾಣುತ್ತಿರಲಿಲ್ಲ. ಗಟಾರದ ಇಲಿ ಸತ್ತಾಗಲೇ ಎಚ್ಚೆತ್ತರೆ ಸುಮಾರು ಮೂರು ವಾರ ಕೈಯಲ್ಲಿರುತ್ತದೆ. ಅಟ್ಟದ ಇಲಿ ಬೀಳುವವರೆಗೆ ಕಾದರೆ ಅದರ ಅರ್ಧವೂ ಕಳೆದುಹೋಗಿರುತ್ತದೆ. ಹೆಸರು ಬಲ್ಲವನಿಗೆ ದೊರೆಯುವ ಲಾಭ ಇದು.

ಗುರುತು ಹಿಡಿಯುವ ಬಗೆ

ಇನ್ನು ನಮ್ಮ ಮನೆಯ ಸುತ್ತಮುತ್ತ ಕಾಣುವ ಪ್ರಾಣಿಗಳ ಲಕ್ಷಣಗಳನ್ನು ನೋಡೋಣ.

ಮೊದಲು ಹಲ್ಲು. ಇಲಿಯ ವರ್ಗಕ್ಕೆ ದಂಶಕಗಳೆಂದು ಹೆಸರು. ಮೇಲೆ ಒಂದು ಜೊತೆ, ಕೆಳಗೆ ಒಂದು ಜೊತೆ ಉಳಿಯಂಥ ಬಾಚಿಹಲ್ಲು, ಕೋರೆಹಲ್ಲಿಲ್ಲ, ಆ ಜಾಗದಲ್ಲಿ ಬರಿಯ ಸಂದು, ಹಿಂದೆ ದವಡೆಹಲ್ಲು. ಬಾಚಿಹಲ್ಲು ಜೀವವಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ ತೇಯದೆ ಗತ್ಯಂತರವಿಲ್ಲ. ಹಸಿವಿರಲಿ ಬಿಡಲಿ ಮರ, ಸೀಸ, ವಿದ್ಯುತ್ ತಂತಿ ಎಲ್ಲವನ್ನೂ ಕಡಿಯುತ್ತದೆ. ಈ ಲಕ್ಷಣವನ್ನು ಹಿಡಿದರೆ ಅಳಿಲೂ ಮುಳ್ಳುಹಂದಿಯೂ ಇಲಿಯ ಬಳಗವೇ. ಮೊಲ ಮಾತ್ರ ಅಲ್ಲ. ಅದರ ಮೇಲಿನ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಪುಟ್ಟ ಜೊತೆಯಿದೆ.

ಕಪ್ಪು ಇಲಿ, ಅಥವಾ ಮನೆ ಇಲಿ. ತೆಳು ಮೈ, ಚೂಪು ಮೂತಿ, ದೊಡ್ಡ ಕಿವಿ. ಬಾಲ ಮೈ-ತಲೆ ಎರಡನ್ನೂ ಕೂಡಿಸಿದ್ದಕ್ಕಿಂತ ಉದ್ದ. ಹೆಸರು ಕಪ್ಪಾದರೂ ಬಣ್ಣ ಹೆಚ್ಚಾಗಿ ಕಂದೇ. ಹತ್ತುವುದರಲ್ಲಿ ಪ್ರವೀಣ. ಹಳೆಯ ಚಾಳುಗಳ ಮೇಲೆ ನಮ್ಮ ಮಂಗಳೂರು ಹೆಂಚು ಹೊದೆಸಿದ್ದಾಗ ಹೆಂಚಿನಡಿ ಓಡುತ್ತಿದ್ದುದು ಇದೇ. ಈಗ ಪೈಪು ಹಿಡಿದು ನಾಲ್ಕನೆಯ ಮಾಳಿಗೆಗೂ ಬರುತ್ತದೆ.

ಕಂದು ಇಲಿ, ಅಥವಾ ಗಟಾರದ ಇಲಿ. ಭಾರಿ ಮೈ, ಮೊಂಡು ಮೂತಿ, ಚಿಕ್ಕ ಕಿವಿ, ಮೈಗಿಂತ ಗಿಡ್ಡ ದಪ್ಪ ಬಾಲ. ಹತ್ತುವುದಕ್ಕಿಂತ ತೋಡುವುದು, ಈಜುವುದು ಇದಕ್ಕೆ ಪ್ರಿಯ. ಹಡಗುಗಳಲ್ಲಿ ಲೋಕ ಸುತ್ತಿದ ಪ್ರಾಣಿ. ಬಂದರದ ಊರುಗಳೇ ಇದರ ತವರು.

ಹೆಗ್ಗಣ. ತುಳುವಿನಲ್ಲಿ ಪೆರ್ಗುಡೆ, ಮರಾಠಿಯಲ್ಲಿ ಘೂಸ್. (ಹಿಂದಿಯಲ್ಲಿ ಘೂಸ್ ಎಂದರೆ ಲಂಚವೂ ಹೌದು, ಎರಡೂ ಗೋಡೆಯ ಬುಡವನ್ನು ಟೊಳ್ಳು ಮಾಡುವಂಥವೇ.) ತೆಲುಗಿನ ‘ಪಂದಿಕೊಕ್ಕು’ ಎಂಬ ಮಾತಿನಿಂದಲೇ ಇಂಗ್ಲಿಷಿನ ಬ್ಯಾಂಡಿಕೂಟ್ ಹುಟ್ಟಿತು, ಹಂದಿ ಇಲಿ ಎಂದು ಅರ್ಥ. ಕಪ್ಪು ಒರಟು ಕೂದಲು. ಕೆರಳಿದರೆ ಬೆನ್ನ ಕೂದಲು ನಿಗುರಿಸಿ ಗುರುಗುಟ್ಟುತ್ತದೆ. ಇದರ ಚಿಕ್ಕ ದಾಯಾದಿಯೇ ಎಲಿಯಟನ ಕೊಕ್: ಅಗಲ ಮೂತಿ, ಗುಂಡು ಮೈ, ಗಿಡ್ಡ ಬಾಲ. ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಕಂಡರೆ ಇದೇ ಎಂದು ತಿಳಿಯಬೇಕು. ಪ್ಲೇಗಿನ ಕಾಲದಲ್ಲಿ ಮುಂಬಯಿಯೊಳಗೆ ಅಪರೂಪವಾಗಿದ್ದ ಈ ಹೊಲದ ಪ್ರಾಣಿ, ಮುಂದಿನ ದಶಕಗಳಲ್ಲಿ ಹಳೆಯ ಇಲಿಗಳನ್ನು ಹಿಂದೆ ಸರಿಸಿ ನಗರದ ಮುಖ್ಯ ಇಲಿಗಳಲ್ಲೊಂದಾಯಿತು. ಹಳ್ಳಿಯಿಂದ ಬಂದು ಪೇಟೆಯಲ್ಲಿ ನೆಲೆಯೂರುವ ವಿದ್ಯೆ ನಮಗೊಬ್ಬರಿಗೇ ಗೊತ್ತೆಂದು ಬೀಗುವಂತಿಲ್ಲ.

ಸುಂಡಿಲಿ. ಮರಾಠಿಯ ಚಿಚುಂದ್ರಿ. ಹೆಸರಿನಲ್ಲಿ ಇಲಿಯಿದ್ದರೂ ಜಾತಿಯಲ್ಲಿ ಇಲಿಯಲ್ಲ. ಬಾಯ ಮುಂದಕ್ಕೆ ಚಾಚಿದ ಅಲುಗಾಡುವ ಮೂತಿ, ಸಾಸಿವೆಯಂಥ ಕಣ್ಣು, ಬುಡದಲ್ಲಿ ದಪ್ಪನಾದ ಬಾಲ, ಮೂಗಿಗೆ ಹೊಡೆಯುವ ಕಸ್ತೂರಿಯಂಥ ವಾಸನೆ, ಗೋಡೆಯ ಬುಡ ಬಿಡದೆ ಓಡುವಾಗಿನ ಚಿಕ್ ಚಿಕ್ ಸದ್ದು. ಬಾಯಿ ತೆರೆದರೆ ಸಂದಿಲ್ಲದ ಚೂಪುಹಲ್ಲಿನ ಸಾಲು. ಇದರ ಆಹಾರ ಮುಖ್ಯವಾಗಿ ಜಿರಲೆ ಮುಂತಾದ ಹುಳುಹುಪ್ಪಟೆ. ಮರಿಗಳು ಒಂದರ ಹಿಂದೆ ಒಂದು ಮುಂದಿನದರ ಬಾಲದ ಬುಡವನ್ನು ಕಚ್ಚಿಕೊಂಡು ತಾಯಿಯ ಹಿಂದೆ ಲೋಕಲ್ ಗಾಡಿಯ ಡಬ್ಬಿಗಳಂತೆ ಸಾಗುವುದನ್ನು ಕಂಡವರು ಮರೆಯಲಾರರು. ಇಲಿಯೆಂದು ತಿಳಿದು ನಾವು ಕೊಲ್ಲುವ ನಿರಪರಾಧಿಗಳಲ್ಲಿ ಇದು ಮೊದಲನೆಯದು.

ಅಳಿಲು, ತುಳುವಿನ ಚಣಿಲ್. ಬೆನ್ನ ಮೇಲೆ ಗೆರೆ ಎಣಿಸಿರಿ. ದಕ್ಷಿಣದ್ದಕ್ಕೆ ಮೂರು, ಉತ್ತರದ್ದಕ್ಕೆ ಐದು. ಶ್ರೀರಾಮನ ಮೂರು ಬೆರಳಿನ ಕಥೆ ಹೇಳುವ ಅಜ್ಜಿಗೆ ಐದು ಗೆರೆಯ ಅಳಿಲು ತೋರಿಸಿದರೆ ಮೊಮ್ಮಗಳಿಗೆ ಒಳ್ಳೆಯ ಪ್ರಶ್ನೆಯೊಂದು ಸಿಗುತ್ತದೆ.

ಬೋರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವವರಿಗೆ ಇನ್ನೂ ಕೆಲವರ ಪರಿಚಯವಿರುತ್ತದೆ. ಮುಳ್ಳುಹಂದಿ ಹೆಸರಿಗೆ ಹಂದಿ, ಹಲ್ಲಿಗೆ ಇಲಿ; ಅದು ಮುಳ್ಳನ್ನು ಬಾಣದಂತೆ ಎಸೆಯುತ್ತದೆಂಬುದು ಸುಳ್ಳು, ಹಿಂದಕ್ಕೆ ಸರಿದು ಚುಚ್ಚುತ್ತದೆ. ಮುಂಗುಸಿಯೂ ಪುನುಗಿನ ಬೆಕ್ಕೂ ಇಲಿಯ ಬಳಗವಲ್ಲ, ಇಲಿಯ ವೈರಿಗಳು. ಕೇರೆಹಾವು, ಗೂಬೆಗಳೂ ಈ ಪಕ್ಷದವೇ.

ಲೆಕ್ಕಕ್ಕೆ ಸಿಗದ ಇಲಿ

ಮುಂಬಯಿ ಮಹಾನಗರಪಾಲಿಕೆಯ ಕೀಟನಾಶಕ ವಿಭಾಗದಲ್ಲಿ ರಾತ್ರಿ ಇಲಿ ಕೊಲ್ಲುವುದೇ ಉದ್ಯೋಗವಾಗಿರುವ ಜನರಿದ್ದಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ಬಡಿಗೆ; ಊರೆಲ್ಲ ಮಲಗಿದ ಮೇಲೆ ಮಾರ್ಕೆಟ್ಟಿನ ಹಿಂದಿನ ಗಲ್ಲಿಗಳಲ್ಲಿ ಅವರ ಕೆಲಸ. ರಾತ್ರಿಗೆ 30 ಇಲಿ ಎಂಬುದು ಅವರಿಗೆ ಗೊತ್ತುಪಡಿಸಿದ ಲೆಕ್ಕ. ಬೆಳಿಗ್ಗೆ ಎಣಿಸಿ ಒಪ್ಪಿಸಬೇಕು. 1826ರ ಮಳೆ ತಪ್ಪಿದಾಗ ಧಾರವಾಡದ ರೈತರು ಡಜನ್ ಲೆಕ್ಕದಲ್ಲಿ ಧಾನ್ಯ ಅಳೆದುಕೊಟ್ಟದ್ದಕ್ಕೂ ಇದಕ್ಕೂ ಎಷ್ಟು ಹೋಲಿಕೆ! ಅಂದು ಕೊಂದವರೂ ಬಡವರು, ಇಂದು ಕೊಲ್ಲುವವರೂ ಬಡವರು. ಅಂದೂ ಇಲಿ ಮುಗಿಯಲಿಲ್ಲ, ಇಂದೂ ಮುಗಿದಿಲ್ಲ.

ಕಾರಣ ಸರಳ. ಅನ್ನ ಇರುವವರೆಗೆ ಇಲಿಯಿರುತ್ತದೆ. ಎಷ್ಟು ಕೊಂದರೂ ಉಳಿದವಕ್ಕೆ ಪಾಲು ಹೆಚ್ಚುತ್ತದೆ, ಮರಿಗಳು ಹೆಚ್ಚುತ್ತವೆ. ಕಸದ ಡಬ್ಬಿಗೆ ಮುಚ್ಚಳ, ಧಾನ್ಯಕ್ಕೆ ತಗಡಿನ ಡಬ್ಬ, ಪೈಪಿನ ಸಂದಿಗೆ ಸಿಮೆಂಟು: ಇವು ಬಡಿಗೆಗಿಂತ ದೊಡ್ಡ ಆಯುಧಗಳು. ಹೋಟೆಲು, ಕ್ಯಾಂಟೀನುಗಳನ್ನು ನಡೆಸುವ ನಮ್ಮ ಬಂಧುಗಳು ಇದನ್ನು ನಮಗಿಂತ ಚೆನ್ನಾಗಿ ಬಲ್ಲರು.

ಅಪಾಯ ಹಳೆಯ ಕಾಲದ್ದೆಂದು ಸುಮ್ಮನಿರುವಂತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿದಾಗ, ನೀರಿನಲ್ಲಿ ನಡೆದು ಮನೆ ಸೇರಿದ ಎಷ್ಟೋ ಜನರಿಗೆ ಅನಂತರ ಇಲಿಜ್ವರ ಬಂತು. ಇಲಿ, ಹೆಗ್ಗಣಗಳ ಮೂತ್ರದಿಂದ ನೀರಿಗೆ ಸೇರುವ ರೋಗಾಣು ಕಾಲಿನ ಚಿಕ್ಕ ಗಾಯದ ಮೂಲಕವೂ ಒಳಹೋಗುತ್ತದೆ. ನಾಯಿ, ದನಗಳಿಂದಲೂ ಬರಬಹುದು. ಮಳೆಗಾಲದಲ್ಲಿ ಗಟಾರದ ನೀರು ತುಳಿದು ಬಂದ ಮೇಲೆ ಜ್ವರ, ಮೈಕೈ ನೋವು ಕಂಡರೆ ತಡಮಾಡದೆ ವೈದ್ಯರಿಗೆ ಆ ಮಾತನ್ನೂ ತಿಳಿಸಬೇಕು. ಕಾಲಿಗೆ ಗಾಯವಿದ್ದವರು ಆ ನೀರಿಗೆ ಇಳಿಯದಿರುವುದೇ ಲೇಸು.

ಕೊನೆಯದಾಗಿ ಒಂದು ಮಾತು. ಎಲಿಯಟ್ ಬರೆದಿಟ್ಟ ಗುಲಂದಿ, ಕಲ್ಲಿಲಿ, ಮೆಟ್ಟಾಡೆಗಳ ಹೆಸರು ಪುಸ್ತಕದಲ್ಲಿ ಉಳಿದಿದೆ. ನಮ್ಮ ಬಾಯಲ್ಲಿ ಉಳಿದಿದೆಯೆ? ಧಾರವಾಡ, ಬಿಜಾಪುರ, ಕಾರವಾರ, ಕುಂದಾಪುರ, ಕಾಸರಗೋಡುಗಳಿಂದ ಬಂದ ಹಿರಿಯರು ನಮ್ಮ ಮನೆಮನೆಯಲ್ಲಿದ್ದಾರೆ. ಒಂದೊಂದು ಸೀಮೆಗೂ ಒಂದೊಂದು ಹೆಸರು, ಒಂದೊಂದು ಗುರುತು. ಈ ರಜೆಯಲ್ಲಿ ಮಕ್ಕಳು ಅಜ್ಜ ಅಜ್ಜಿಯರ ಹತ್ತಿರ ಕುಳಿತು ಅವನ್ನು ಕೇಳಿ ಬರೆದುಕೊಳ್ಳಲಿ: ಹೆಸರೇನು, ಬಾಲ ಎಷ್ಟುದ್ದ, ಬಿಲ ಎಲ್ಲಿ, ತಿನ್ನುವುದೇನು ಎಂದು. ಧಾರವಾಡದ ಹೊಲದಲ್ಲಿ ಆ ವಿದ್ಯೆ ಬಲ್ಲವರನ್ನು ಕೇಳಿ ಬರೆದುಕೊಳ್ಳಲು ಹೊರಗಿನವನೊಬ್ಬ ಬರಬೇಕಾಯಿತು. ಇಲ್ಲಿ ಆ ಕೆಲಸವನ್ನು ನಮ್ಮ ಮಕ್ಕಳೇ ಮಾಡಬಹುದು. ಬರೆದದ್ದನ್ನು ಸಂಘದ ಕಚೇರಿಗೆ ತಲುಪಿಸಿದರೆ ಈ ಪುಟಗಳಲ್ಲೇ ಸಂತೋಷದಿಂದ ಅಚ್ಚು ಮಾಡುತ್ತೇವೆ.